ಬಯಲು ಚಿತ್ರಮಂದಿರದ ನಿಧಿ

ಹಾಳು ಬಯಲಿನಲ್ಲಿ ನಿಧಿಯುಂಟೆಂದರೆ ನೀವು ನಕ್ಕೀರಿ. ಆದರೆ ಅಮೆರಿಕದ ಊರಂಚಿನ ಕೆಲವು ಪೊದೆಗಾಡುಗಳಲ್ಲಿ ಅಂಥ ನಿಧಿಯನ್ನು ಹುಡುಕುವವರುಂಟು. ಅಲ್ಲಿ ಹಿಂದೆ, ಮೋಟಾರಿನಲ್ಲಿ ಕುಳಿತೇ ಚಿತ್ರ ನೋಡುವ ಬಯಲು ಚಿತ್ರಮಂದಿರಗಳಿದ್ದವು.

ಈ ಏರ್ಪಾಡನ್ನು ಕಂಡುಹಿಡಿದವನು ನ್ಯೂಜರ್ಸಿಯ ರಿಚರ್ಡ್ ಹಾಲಿಂಗ್ಸ್‌ಹೆಡ್. ಮನೆಯಂಗಳದ ಮರಗಳಿಗೆ ಬಿಳಿಯ ಬಟ್ಟೆ ಕಟ್ಟಿ, ಮೋಟಾರಿನ ಮೂತಿಯ ಮೇಲೆ ಪ್ರೊಜೆಕ್ಟರನ್ನಿಟ್ಟು, ಧ್ವನಿಗಾಗಿ ತೆರೆಯ ಹಿಂದೆ ರೇಡಿಯೋ ಹಚ್ಚಿ ಪರೀಕ್ಷಿಸಿದನು. ಬಾನುಲಿಯ ಬಂಧುಗಳಾದ ನಿಮಗೆ ಇದು ಮೆಚ್ಚಾದೀತು! ಮುಂದಿನ ಮೋಟಾರು ಹಿಂದಿನದಕ್ಕೆ ಮರೆಯಾಗಬಾರದಷ್ಟೆ. ಅದಕ್ಕಾಗಿ ಮುಂದಿನ ಗಾಲಿಗಳನ್ನು ತುಸು ಎತ್ತುವ ದಿಬ್ಬಗಳನ್ನು ಸಾಲಾಗಿ ಹಾಕಿಸಿದನು. 1933ರ ಜೂನ್ 6ರಂದು ಕ್ಯಾಮ್ಡೆನ್ ನಗರದ ಹೊರವಲಯದಲ್ಲಿ ಮೊದಲ ಆಟ ನಡೆಯಿತು. 1958ರ ಹೊತ್ತಿಗೆ ಅಂಥವು 4,000ಕ್ಕೂ ಮಿಕ್ಕವು. ಬಳಿಕ ಟೆಲಿವಿಷನ್ ಮನೆಮನೆಗೂ ಬಂತು, ನೆಲದ ಬೆಲೆ ಏರಿತು, ಬಹುಪಾಲು ಮುಚ್ಚಿದವು. ಕೆಲವೆಡೆ ಗಿಡಗಂಟಿ ಬೆಳೆಯಿತು.

ಇನ್ನು ನಿಧಿಯ ಮಾತು. 2000ದ ಮೇ 2ರಂದು ಅಮೆರಿಕ ಸರ್ಕಾರವು ತನ್ನ ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಸಾಮಾನ್ಯರ ಕೈಯಂತ್ರವೂ ಸ್ಥಳವನ್ನು ಕೆಲವೇ ಮೀಟರುಗಳ ಅಂತರದಲ್ಲಿ ತೋರಿಸತೊಡಗಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಆರೆಗಾನಿನಲ್ಲಿ ಬಕೆಟ್ಟೊಂದನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಸಾರಿದರು. ಈ ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಂತು.

ಹಳೆಯ ಚಿತ್ರಮಂದಿರದ ಬಯಲಿನಲ್ಲಿ ಸಿಗುವುದು ಹೊನ್ನಲ್ಲ; ಡಬ್ಬಿಯೊಳಗೊಂದು ಸಣ್ಣ ಪುಸ್ತಕ. ಹೆಸರು ಬರೆದು, ಅದನ್ನು ಇದ್ದಲ್ಲೇ ಇಡಬೇಕು. ಆದರೆ ಅಲ್ಲಿಗೆ ನಡೆವಾಗ ಹುಲ್ಲಿನಡಿಯ ನೆಲ ಅಲೆಯಲೆಯಾಗಿ ಏರಿಳಿಯುತ್ತದೆ. ಅವೇ ಆ ದಿಬ್ಬಗಳು! ಯಂತ್ರ ಡಬ್ಬಿಯನ್ನಷ್ಟೇ ತೋರಿಸೀತು. ಕಾಲಿಗೆ ತಾಗಿದ್ದೇನೆಂಬುದನ್ನು ಊರಿನ ಹಿರಿಯರನ್ನೇ ಕೇಳಬೇಕು; ಅವರಿರುವಾಗಲೇ ಕೇಳಬೇಕು.