ಗೋದಲಿಯ ಕುರುಬನ ಹೆಗಲ ಮೇಲಿನ ಕಂಬಳಿ



ಪ್ರತಿ ಡಿಸೆಂಬರ್‌ನಲ್ಲಿ ಗೋದಲಿ ಕಟ್ಟುವಾಗ ನಾವು ಕುರುಬರ ಬೊಂಬೆಗಳನ್ನು ಜೋಪಾನವಾಗಿ ಒರೆಸಿ ಇಡುತ್ತೇವೆ. ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ. ಆ ರಾತ್ರಿ ಬಯಲಿನಲ್ಲಿ ಮಂದೆ ಕಾಯುತ್ತಿದ್ದವರು ಮಲಗುತ್ತಿದ್ದುದು ಯಾವುದರ ಕೆಳಗೆ ಎಂದು ನಾವು ಕೇಳಿಕೊಂಡಿದ್ದು ಕಡಿಮೆ. ಅದಕ್ಕೆ ಉತ್ತರ ಹುಡುಕಲು ಬೆತ್ಲೆಹೇಮಿನವರೆಗೆ ಹೋಗಬೇಕಿಲ್ಲ. ಅಂಥ ಕೋಲು, ಅಂಥ ಕಂಬಳಿ ನಮ್ಮ ಜತ್ತ ತಾಲ್ಲೂಕಿನ ದಾರಿಗಳಲ್ಲೇ ಇವೆ.

ಜತ್ತ ಒಂದು ಕಾಲಕ್ಕೆ ಡಫಳೆ ಮನೆತನದ ಪುಟ್ಟ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಈಗ ಸಾಂಗಲಿ ಜಿಲ್ಲೆಯ ತಾಲ್ಲೂಕು. ಉಮದಿ, ಸಂಖ, ಮಾಡಗ್ಯಾಳದ ಕಡೆ ಮನೆಮಾತು ಹೆಚ್ಚಾಗಿ ಕನ್ನಡವೇ. ಸಹ್ಯಾದ್ರಿಯ ಮಳೆ ಇಲ್ಲಿಗೆ ತಲುಪುವಷ್ಟರಲ್ಲಿ ಬರಿದಾಗಿರುತ್ತದೆ. ಬರ ನಮಗೆ ಹೊಸದಲ್ಲ. ಇಂಥ ನೆಲದಲ್ಲಿ ಬೆಳೆಯನ್ನೇ ನಂಬಿ ಬದುಕುವುದು ಕಷ್ಟವಾದ್ದರಿಂದ ಕುರಿ ಸಾಕಣೆ ಬೆಳೆಯಿತು. ಕನ್ನಡದಲ್ಲಿ ಕುರುಬರು, ಮರಾಠಿಯಲ್ಲಿ ಧನಗರರು ಎನ್ನಿಸಿಕೊಳ್ಳುವ ಕುಟುಂಬಗಳು ಮೇವು ತೀರಿದಾಗ ಮಂದೆ ಹೊಡೆದುಕೊಂಡು ಹೊರಡುತ್ತವೆ. ಪಶ್ಚಿಮ ಮಹಾರಾಷ್ಟ್ರದ ಕೆಲವು ಧನಗರ ಗುಂಪುಗಳು ದೀಪಾವಳಿಯ ನಂತರ ಘಟ್ಟ ಇಳಿದು ಕೊಂಕಣಕ್ಕೆ ಹೋಗಿ, ಮಳೆಗಾಲಕ್ಕೆ ಮುಂಚೆ ಮತ್ತೆ ಘಟ್ಟ ಹತ್ತುತ್ತವೆ. ನಾವು ಇಂದು ಹುಮ್ಮಸ್ಸಿನಿಂದ ಚಾರಣ ಹೋಗುವ ಬೆಟ್ಟಗಳನ್ನು ಅವರು ಹೊಟ್ಟೆಪಾಡಿಗಾಗಿ ತಲೆತಲಾಂತರದಿಂದ ದಾಟುತ್ತಿದ್ದಾರೆ.

ತಿಂಗಳುಗಟ್ಟಲೆ ನಡೆಯುವವರು ಮನೆಯನ್ನು ಹೇಗೆ ಹೊರುತ್ತಾರೆ? ಅದಕ್ಕೆ ಅವರ ಉತ್ತರ ಕಂಬಳಿ. ಮರಾಠಿಯಲ್ಲಿ ಅದು ಘೋಂಗಡಿ. ಕರಿಯ ದಖ್ಖನಿ ಕುರಿಯ ಒರಟು ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹೆಣ್ಣುಮಕ್ಕಳು ನೂಲು ತೆಗೆಯುತ್ತಾರೆ. ನೆಲದ ತಗ್ಗಿನಲ್ಲಿ ಕಾಲಿಟ್ಟು ಕೂರುವ ಮಗ್ಗದ ಮೇಲೆ ನೇಕಾರರು ನೇಯುತ್ತಾರೆ. ನಮ್ಮ ಭಾಗದಲ್ಲಿ ಈ ಕಸುಬು ಸನಗರ ಸಮುದಾಯದ್ದು. ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಗಟ್ಟಿ ಮಾಡುತ್ತಾರೆ. ಹಾಗೆ ತಯಾರಾದ ಕಂಬಳಿಯ ಮೇಲೆ ಬಿದ್ದ ಮಳೆಹನಿ ಬೇಗ ಒಳಗಿಳಿಯದೆ ಜಾರಿ ಹೋಗುತ್ತದೆ. ಉಣ್ಣೆಯ ಗುಣವೂ ಜೊತೆಗಿದೆ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿದರೂ ಅದು ಮೈಗೆ ಒದ್ದೆ ಅನ್ನಿಸುವುದಿಲ್ಲ.

ಹೀಗೆ ಮಳೆ ಬಂದರೆ ಅದು ತಲೆಯ ಮೇಲಿನ ಕೊಪ್ಪೆ. ರಾತ್ರಿ ಹಾಸಿಗೆ, ಹೊದಿಕೆ. ಕೋಲಿನ ಮೇಲೆ ಇಳಿಬಿಟ್ಟರೆ ಮಗುವಿಗೆ ನೆರಳು. ಕೋಲೂ ಅಷ್ಟೆ: ಹಗಲು ಮಂದೆ ತಿರುವಲು, ಸಂಜೆ ಆಸರೆಯ ಕಂಬವಾಗಲು. ಸಾಮಾನು ಹೊರಲು ಕುದುರೆ, ರಾತ್ರಿ ಮಂದೆಯ ಸುತ್ತ ಬಲೆ, ಬಲೆಯ ಹೊರಗೆ ನಾಯಿ. ಒಂದೇ ಕೆಲಸಕ್ಕೆ ಬರುವ ವಸ್ತು ಅವರ ಗಂಟಿನಲ್ಲಿ ಬಹಳ ಕಡಿಮೆ.

ಕುರುಬರು ತಂಗುವ ಜಾಗವೂ ಈ ಲೆಕ್ಕದಲ್ಲಿ ಸೇರಿದೆ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆಯನ್ನು ರಾತ್ರಿ ತರುಬಿದರೆ ರೈತನಿಗೆ ಹಿಕ್ಕೆಯ ಗೊಬ್ಬರ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಅವನು ಕಾಳು ಕೊಡುತ್ತಾನೆ, ಇಲ್ಲವೇ ಹಣ ಕೊಡುತ್ತಾನೆ. ಬೆಳಿಗ್ಗೆ ಎದ್ದು ಹೋದ ಮೇಲೆ ಆ ನೆಲ ಮೊದಲಿಗಿಂತ ಫಲವತ್ತಾಗಿರುತ್ತದೆ. ಚಾರಣ ಹೋಗಿಬಂದ ನಮ್ಮಲ್ಲಿ ಎಷ್ಟು ಜನ ಈ ಮಾತು ಹೇಳಬಲ್ಲೆವು?

ಇದೇ ಪಾಠವನ್ನು ಯೂರೋಪಿನ ಪರ್ವತಾರೋಹಿಗಳು 19ನೇ ಶತಮಾನದಲ್ಲಿ ಕಲಿತರು. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಏರಿದ ತಂಡದ ಎಡ್ವರ್ಡ್ ವಿಂಪರ್ ಅದಕ್ಕೂ ಮುಂಚೆಯೇ ಬೆಟ್ಟಕ್ಕೆ ಹೊಂದುವ ಗುಡಾರವೊಂದನ್ನು ತಾನೇ ರೂಪಿಸಿದ್ದ. ಗಾಳಿ, ನೀರು ಒಳನುಗ್ಗದಂತೆ ಅದರ ನೆಲಹಾಸನ್ನು ಗೋಡೆಗೆ ಹೊಲಿಸಿದ್ದ. ಆದರೆ ಅದರ ತೂಕ ಸುಮಾರು 10 ಕಿಲೋ. ಆಮೇಲೆ ಬಂದ ಆಲ್ಬರ್ಟ್ ಮಮ್ಮರಿಯ ಪುಟ್ಟ ಗುಡಾರಕ್ಕೆ ಬೇರೆ ಕಂಬಗಳೇ ಬೇಕಿರಲಿಲ್ಲ. ಹಿಮ ಕಡಿಯಲು ಹೇಗೂ ಕೈಯಲ್ಲಿದ್ದ ಕೊಡಲಿಗಳೇ ಅದಕ್ಕೆ ಕಂಬ. ನಮ್ಮ ಕುರುಬನ ಕೋಲು ಮಾಡಿದ್ದೂ ಅದನ್ನೇ ಅಲ್ಲವೇ?

ನಂತರ 1935ರಲ್ಲಿ ಅಮೆರಿಕದಲ್ಲಿ ನೈಲಾನ್ ಹುಟ್ಟಿತು, ಎರಡನೇ ಮಹಾಯುದ್ಧದ ಬಳಿಕ ಗುಡಾರಗಳು ಹಗುರವಾದವು. ಅದು ನಿಜವಾದ ಉಪಕಾರ. ಕಂಬಳಿ ಭಾರ, ನೆನೆದರೆ ಇನ್ನೂ ಭಾರ, ಒಣಗುವುದು ನಿಧಾನ. ಇಂದು ಕುರುಬರೇ ಪ್ಲಾಸ್ಟಿಕ್ ತಾಡಪತ್ರಿ ಹೊತ್ತು ನಡೆಯುತ್ತಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ನೈಲಾನ್ ಮಣ್ಣಾಗುವುದಿಲ್ಲ. ಎವರೆಸ್ಟಿನ ಎತ್ತರದ ಶಿಬಿರಗಳಲ್ಲಿ ಬಿಟ್ಟುಹೋದ ಗುಡಾರಗಳು ಹರಿದು ಚಿಂದಿಯಾಗಿ ಬಿದ್ದಿವೆ. ಹಳೆಯ ಕಂಬಳಿಯಾದರೋ ಹೊಲದಲ್ಲೇ ಕರಗಿ ಗೊಬ್ಬರವಾಗುತ್ತದೆ.

ನಮ್ಮ ತಾಲ್ಲೂಕಿನ ನೋವಿನ ಸಂಗತಿಯೊಂದು ಇಲ್ಲೇ ಇದೆ. ಮಾಡಗ್ಯಾಳದ ಹೆಸರನ್ನು ದೂರದೂರಕ್ಕೆ ಒಯ್ದದ್ದು ಅಲ್ಲಿನ ಕುರಿ ತಳಿ. ಬಾಗಿದ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ, ಬೇಗ ಬೆಳೆಯುವ ದೇಹ. ಮಾಂಸದ ಪೇಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಆದರೆ ಅದು ಉಣ್ಣೆಯ ಕುರಿಯಲ್ಲ. ಉಣ್ಣೆಗೆ ಬೆಲೆ ಬಿದ್ದು ಮಾಂಸಕ್ಕೆ ಬೆಲೆ ಏರಿದಾಗ ಅನೇಕರು ಕರಿಯ ದಖ್ಖನಿ ಕುರಿಯನ್ನು ಬಿಟ್ಟು ಈ ತಳಿಯತ್ತ ಹೊರಳಿದರು. ಮನೆ ನಡೆಸುವವರಿಗೆ ಅದು ಸರಿಯಾದ ಲೆಕ್ಕವೇ. ಆದರೂ ಕುರಿ ಬದಲಾದರೆ ನೂಲು ನಿಲ್ಲುತ್ತದೆ, ನೂಲು ನಿಂತರೆ ಮಗ್ಗ ನಿಲ್ಲುತ್ತದೆ. ಮುದುಕ ನೇಕಾರನ ಮಗ ಬೇರೆ ಕೆಲಸ ಹುಡುಕಿಕೊಂಡು ಊರು ಬಿಡುತ್ತಾನೆ. ಹೀಗೆ ಒಂದು ಮಂದೆಯ ಬಣ್ಣ ಬದಲಾಗುವುದರೊಳಗೆ ಒಂದು ವಿದ್ಯೆ ಕೈತಪ್ಪುತ್ತದೆ.

ನಮ್ಮ ವಿಶ್ವಾಸದ ಚರಿತ್ರೆಯಲ್ಲಿ ಈ ಕಸುಬಿಗೆ ಗೌರವದ ಸ್ಥಾನವಿದೆ. ಪಿತಾಮಹ ಅಬ್ರಹಾಮ ಗುಡಾರಗಳಲ್ಲಿ ಬಾಳಿದವನು. ಸಂತ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲರ ಜೊತೆ ಗುಡಾರ ಮಾಡುವ ಕೆಲಸ ಮಾಡುತ್ತಿದ್ದನೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅವನ ಊರು ತಾರ್ಸ ಇದ್ದ ಕಿಲಿಕಿಯ ಸೀಮೆ ಆಡಿನ ಕೂದಲಿನ ಒರಟು ಬಟ್ಟೆಗೆ ಹೆಸರಾಗಿತ್ತು. ಹೊಟ್ಟೆಪಾಡಿಗೆ ಬಟ್ಟೆ ಹೊಲಿದ ಕೈಗಳೇ ಪತ್ರಗಳ ಕೆಳಗೆ ಸಹಿ ಹಾಕಿದವು.

ಆದ್ದರಿಂದ ಮುಂದಿನ ಚಾರಣಕ್ಕೆ ಚೀಲ ಕಟ್ಟುವಾಗ ಪ್ರತಿ ವಸ್ತುವನ್ನೂ ಎತ್ತಿ ಕೇಳಿಕೊಳ್ಳೋಣ: ಇದು ಎಷ್ಟು ಕೆಲಸಕ್ಕೆ ಬರುತ್ತದೆ? ಇದನ್ನು ಬೆಟ್ಟದಲ್ಲಿ ಬಿಟ್ಟುಬಂದರೆ ಮಣ್ಣಾಗುತ್ತದೆಯೇ? ಊರಿನಲ್ಲಿ ಕಂಬಳಿ ನೇಯುವವರು ಇನ್ನೂ ಇದ್ದರೆ ಅವರ ಮಗ್ಗದ ಬಳಿ ಒಂದು ಗಂಟೆ ಕುಳಿತು, ಗಂಜಿ ಹೇಗೆ ಕಾಯಿಸುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳೋಣ. ಸಾಧ್ಯವಾದರೆ, ಚೌಕಾಸಿ ಮಾಡದೆ ಒಂದು ಕಂಬಳಿ ಕೊಳ್ಳೋಣ. ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಕಂಬಳಿ ಉಳಿಯುವುದು ಗೋದಲಿಯ ಬೊಂಬೆಯ ಹೆಗಲ ಮೇಲೆ ಮಾತ್ರ, ಅದೂ ಬಣ್ಣ ಬಳಿದ ಮಣ್ಣಿನದು.