ಜೀಪಿನ ತಳದ ಎತ್ತರ: ಬೆಳಗಾವಿ–ಖಾನಾಪುರ ದಾರಿಗಳನ್ನು ಕುರಿತ ಒಂದು ವಿವೇಚನೆ

ನಮ್ಮ ನಾಡಿನ ಸಾರಿಗೆಯ ಇತಿಹಾಸವನ್ನು ಬರೆದವರು ರಸ್ತೆಗಳನ್ನೂ ರೈಲುಹಾದಿಗಳನ್ನೂ ಕುರಿತು ಬಹಳಷ್ಟು ಹೇಳಿದ್ದಾರೆ. ವಾಹನದ ತಳಕ್ಕೂ ನೆಲಕ್ಕೂ ನಡುವಣ ತೆರವನ್ನು ಕುರಿತು ಹೇಳಿದವರು ವಿರಳ. ಆದರೆ ಖಾನಾಪುರ ತಾಲ್ಲೂಕಿನಂಥ ಪ್ರದೇಶದಲ್ಲಿ ಯಾವ ಹಳ್ಳಿಗೆ ಯಾವ ತಿಂಗಳವರೆಗೆ ಗಾಡಿ ಹೋಗಬಲ್ಲದೆಂಬುದು ಬಹುಮಟ್ಟಿಗೆ ಈ ಕೆಲವೇ ಅಂಗುಲಗಳನ್ನು ಅವಲಂಬಿಸಿದೆ. ಇಂದು ಬೆಳಗಾವಿಯಲ್ಲಿ ಜಿಪ್ಸಿ, ಥಾರ್, ಜಿಮ್ನಿಗಳನ್ನು ದಿನಬಳಕೆಗೆ ಇಟ್ಟುಕೊಂಡವರಲ್ಲಿ ಕೆಲವರು ಸ್ಪ್ರಿಂಗುಗಳನ್ನು ಬದಲಿಸಿ ಗಾಡಿಯನ್ನು ಎತ್ತರಿಸಲು ಬಯಸುತ್ತಾರೆ. ಎಷ್ಟು ಎತ್ತರಿಸಬೇಕೆಂಬ ಪ್ರಶ್ನೆಯನ್ನು ಈ ವಾಹನಗಳ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ನೆಲದ ವಿಚಾರ. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿ.ಮೀ. ದೂರದ ಖಾನಾಪುರದವರೆಗೆ ಹೋಗುವುದು ಇಂದು ನಾಲ್ಕು ಪಥದ ಹೆದ್ದಾರಿ; ಅದು ಮುಂದೆ ಲೋಂಡಾ, ಅನಮೋಡಗಳ ಮೂಲಕ ಗೋವೆಗೆ ಇಳಿಯುತ್ತದೆ. ಇನ್ನೊಂದು ದಾರಿ ಜಾಂಬೋಟಿ, ಕಣಕುಂಬಿಗಳನ್ನು ಹಾಯ್ದು ಚೋರ್ಲಾ ಘಟ್ಟವನ್ನು ಸೇರುತ್ತದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಈ ಎರಡು ದಾರಿಗಳಿಂದ ಕವಲೊಡೆದು ಕಾಡಿನೊಳಗೆ ಹೋಗುವ ಹಾದಿಗಳು ಕೆಮ್ಮಣ್ಣಿನವು. ಬೇಸಗೆಯಲ್ಲಿ ಅವು ಕಲ್ಲಿನಂತೆ ಗಟ್ಟಿ. ಮೃಗಶಿರೆಯ ಮಳೆ ಹಿಡಿಯಿತೆಂದರೆ ಅದೇ ಮಣ್ಣು ಗಾಲಿಗೆ ಬೆಣ್ಣೆಯಂತೆ ಜಾರುತ್ತದೆ.

ಇಂಥ ಹಾದಿಗಳಿಗೆ ನಮ್ಮ ಹಿರಿಯರು ಕಂಡುಕೊಂಡಿದ್ದ ಸಾಧನ ಚಕ್ಕಡಿ. ಗಾಲಿ ಐದಡಿಯದಾದರೆ ಅದರ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲಿರುತ್ತದೆ. ಕಬ್ಬಿಣದ ಹಳಿಯ ಗಾಲಿಗಳು ವರ್ಷ ವರ್ಷವೂ ಒಂದೇ ಜಾಡಿನಲ್ಲಿ ಉರುಳಿ ಹಾದಿಯನ್ನು ಕೊರೆದಾಗ ನಡುವೆ ಮಣ್ಣಿನ ದಿಬ್ಬ ಉಳಿಯುತ್ತದೆ. ಚಕ್ಕಡಿಗೆ ಅದು ಲೆಕ್ಕಕ್ಕಿಲ್ಲ. ಮುಂದೆ ಅದೇ ಜಾಡಿನಲ್ಲಿ ನುಗ್ಗಿದ ಮೋಟಾರು ವಾಹನದ ಹೊಟ್ಟೆ ಮಾತ್ರ ಆ ದಿಬ್ಬಕ್ಕೆ ತಾಗಿತು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಈ ಜೀಪಿನ ತಳದ ಎತ್ತರ 8¾ ಅಂಗುಲ, ಎಂದರೆ ಸುಮಾರು 222 ಮಿ.ಮೀ. 1940ರ ದಶಕದ ಕೊನೆಯ ವೇಳೆಗೆ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1956ರ ನವೆಂಬರ್ 1ರವರೆಗೆ ಬೆಳಗಾವಿ ಮುಂಬಯಿ ಪ್ರಾಂತಕ್ಕೇ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. 1985ರಲ್ಲಿ ಮಾರುತಿ ಸಂಸ್ಥೆಯ ಜಿಪ್ಸಿ ಬಂದಿತು. ಅದರ ತಳದ ಎತ್ತರ 210 ಮಿ.ಮೀ. 2020ರ ಥಾರ್ 226 ಮಿ.ಮೀ., 2023ರ ಜಿಮ್ನಿ ಮತ್ತೆ 210 ಮಿ.ಮೀ. ಎಂಟು ದಶಕಗಳಲ್ಲಿ ಎಂಜಿನು, ಗೇರು, ಸ್ಪ್ರಿಂಗುಗಳೆಲ್ಲ ಬದಲಾದವು. ಈ ನಾಲ್ಕು ವಾಹನಗಳಲ್ಲಿ ಅತ್ಯಂತ ತಗ್ಗಿನದಕ್ಕೂ ಅತ್ಯಂತ ಎತ್ತರದ್ದಕ್ಕೂ ಇರುವ ಅಂತರ ಮಾತ್ರ 16 ಮಿ.ಮೀ., ಮುಕ್ಕಾಲು ಅಂಗುಲವೂ ಇಲ್ಲ. ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪದು. ಹೆಚ್ಚು ಎತ್ತರದ ಗಾಡಿಯನ್ನು ಮಾಡಲು ಯಾರಿಗೂ ಬಾರದೆ ಇರಲಿಲ್ಲ. ಬೇರೊಂದು ತೂಕ ಅವರ ಕೈಯನ್ನು ತಡೆದಿದೆ.

ಆ ತೂಕ ಯಾವುದೆಂಬುದನ್ನು ಸಣ್ಣ ಲೆಕ್ಕವೊಂದರಿಂದ ತಿಳಿಯಬಹುದು. ಒಂದು ಹಗುರ ಜೀಪಿನ ಎಡಬಲ ಗಾಲಿಗಳ ನಡುವಣ ಅಂತರ 1300 ಮಿ.ಮೀ. ಎಂದೂ ಅದರ ಗುರುತ್ವಕೇಂದ್ರ ನೆಲದಿಂದ 650 ಮಿ.ಮೀ. ಮೇಲಿದೆಯೆಂದೂ ಇಟ್ಟುಕೊಳ್ಳೋಣ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1 ಬರುತ್ತದೆ. ಈ ಸಂಖ್ಯೆ ಇಳಿದಷ್ಟೂ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚು. ಕೇಂದ್ರವು 50 ಮಿ.ಮೀ. ಮೇಲೇರಿದರೆ ಅದು 0.93 ಆಗುತ್ತದೆ, 125 ಮಿ.ಮೀ. ಏರಿದರೆ 0.84. ಚೋರ್ಲಾ ಘಟ್ಟದ ತಿರುವುಗಳಲ್ಲಿ ಇಳಿಯುವವನಿಗೆ ಈ ದಶಾಂಶಗಳು ಕೇವಲ ಅಂಕಿಗಳಲ್ಲ.

ಇನ್ನೊಂದು ಸಂಗತಿಯನ್ನು ಗಾಡಿಯನ್ನು ಎತ್ತರಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ. ಹಳೆಯ ಜೀಪು, ಜಿಪ್ಸಿ, ಜಿಮ್ನಿಗಳಲ್ಲಿ ಎಡಬಲ ಗಾಲಿಗಳನ್ನು ಒಂದೇ ಇಡಿಯಾದ ಅಚ್ಚು ಕೂಡಿಸುತ್ತದೆ. ಸ್ಪ್ರಿಂಗನ್ನು ಬದಲಿಸಿದಾಗ ಮೇಲೇರುವುದು ಗಾಡಿಯ ಮೈ ಮಾತ್ರ. ಅಚ್ಚಿನ ನಡುವೆ ಜೋಲುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲಿಯೇ ಇರುತ್ತದೆ. ಅದನ್ನು ಎತ್ತಲು ದೊಡ್ಡ ಟಾಯರೇ ಬೇಕು, ಚಕ್ಕಡಿಯ ಗಾಲಿಯ ನ್ಯಾಯವೇ ಇಲ್ಲಿಯೂ. ಜಿಪ್ಸಿಯ 205/70 ಅಳತೆಯ 15 ಅಂಗುಲದ ಟಾಯರನ್ನು ತೆಗೆದು 215/75 ಹಾಕಿದರೆ ವ್ಯಾಸ 668ರಿಂದ 703 ಮಿ.ಮೀ. ಆಗುತ್ತದೆ, ಅಚ್ಚು ಏರುವುದು ಅದರ ಅರ್ಧ, ಸುಮಾರು 18 ಮಿ.ಮೀ. ಸ್ಪ್ರಿಂಗಿನ ಎತ್ತರಿಕೆಯ ನಿಜವಾದ ಉಪಯೋಗವೆಂದರೆ ದೊಡ್ಡ ಟಾಯರಿಗೆ ಎಡೆಮಾಡುವುದು, ಮತ್ತು ನಡುಮೈಯೂ ಮುಂದಿನ ಹಿಂದಿನ ಅಂಚುಗಳೂ ದಿಬ್ಬಕ್ಕೆ ತಾಗದಂತೆ ಮಾಡುವುದು. ಈ ಟಾಯರಿನಿಂದ ಸ್ಪೀಡೋಮೀಟರು 60 ಎಂದಾಗ ಗಾಡಿ 63ರ ವೇಗದಲ್ಲಿರುತ್ತದೆಂಬುದೂ ನೆನಪಿನಲ್ಲಿರಬೇಕು.

ಗ್ಯಾರೇಜಿನವರು ಪಾಟಾ ಎನ್ನುವ ಕಮಾನು ಪಟ್ಟಿಗಳುಳ್ಳ ಜಿಪ್ಸಿಯನ್ನು ಎತ್ತರಿಸುವ ಬಗೆಗಳು ಹಲವು. ಪಟ್ಟಿಗಳ ತುದಿಯ ಶ್ಯಾಕಲನ್ನು 2 ಅಂಗುಲ ಉದ್ದಮಾಡಿದರೆ ಮೈ ಸುಮಾರು 1 ಅಂಗುಲ ಏರುತ್ತದೆ. ಇದು ಅಗ್ಗದ ಉಪಾಯ. ಆದರೆ ಅಚ್ಚು ತುಸು ತಿರುಗಿ ಸ್ಟೇರಿಂಗಿನ ಕೋನ ಬದಲಾಗುವುದರಿಂದ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುವ ಸಂಭವವುಂಟು. ಇನ್ನೊಂದು ಪಟ್ಟಿಯನ್ನು ಸೇರಿಸಿದರೆ ಎತ್ತರ ಬರುತ್ತದೆ, ಬಿರುಸೂ ಬರುತ್ತದೆ. ಮೊದಲೇ ಎತ್ತಿಹಾಕುವ ಜಿಪ್ಸಿ ಟಿಳಕವಾಡಿಯ ಒಂದೊಂದು ಹಂಪಿನಲ್ಲಿಯೂ ಸವಾರನ ಬೆನ್ನನ್ನು ಪರೀಕ್ಷಿಸುತ್ತದೆ. ಅಚ್ಚಿನ ಕೆಳಗಿರುವ ಪಟ್ಟಿಗಳನ್ನು ಅಚ್ಚಿನ ಮೇಲಕ್ಕೆ ಕೂರಿಸಿದರೆ ಒಮ್ಮೆಗೇ ಸುಮಾರು 5 ಅಂಗುಲ. ಆಗ ಪ್ರೊಪೆಲ್ಲರ್ ಶಾಫ್ಟಿನ ಓರೆ, ಬ್ರೇಕಿನ ಹೋಸುಗಳ ಉದ್ದ, ಸ್ಟೇರಿಂಗ್ ಸರಳಿನ ಕೋನ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಸ್ಪರ್ಧೆಗೆಂದೇ ಮಾಡಿದ ಗಾಡಿಗೆ ಇದು ಸಲ್ಲಬಹುದು. ದಿನವೂ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಸಲ್ಲದು. ಸುರುಳಿ ಸ್ಪ್ರಿಂಗಿನ ಜಿಮ್ನಿಯಲ್ಲಿ ಮೈ ಏರಿದಂತೆ ಅಚ್ಚನ್ನು ಹಿಡಿದಿರುವ ಅಡ್ಡಸರಳು ಅದನ್ನು ಪಕ್ಕಕ್ಕೆ ಸರಿಸುತ್ತದೆ. ಹೊಸ ಥಾರಿನ ಮುಂಭಾಗದಲ್ಲಿ ಇಡಿಯಾದ ಅಚ್ಚಿಲ್ಲದ ಕಾರಣ ಅದರ ಲೆಕ್ಕವೇ ಬೇರೆ.

ಬೆಳಗಾವಿಯಲ್ಲಿ ಮನೆ, ಖಾನಾಪುರದಲ್ಲಿ ಕೆಲಸ, ತಿಂಗಳಿಗೆರಡು ಬಾರಿ ಜಾಂಬೋಟಿಯಾಚೆಯ ಕಾಡುಹಾದಿ: ಇಂಥವರಿಗೆ ಒಂದೂವರೆ ಅಂಗುಲದಿಂದ ಎರಡು ಅಂಗುಲದವರೆಗಿನ ಎತ್ತರಿಕೆ ಸಾಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೂ ಮೊದಲು ಜಗ್ಗಿಹೋದ ಹಳೆಯ ಪಟ್ಟಿಗಳನ್ನು ಬದಲಿಸಿ ನೋಡುವುದು ಲೇಸು. ಎಷ್ಟೋ ಗಾಡಿಗಳಲ್ಲಿ ಬೇಕಾದ ಎತ್ತರ ಅಷ್ಟರಿಂದಲೇ ಮರಳುತ್ತದೆ. ಸ್ಪ್ರಿಂಗಿನ ಜೊತೆಗೆ ಅದರ ಉದ್ದಕ್ಕೂ ಬಿರುಸಿಗೂ ಒಪ್ಪುವ ಶಾಕ್ ಅಬ್ಸಾರ್ಬರುಗಳನ್ನು ಕೊಳ್ಳದಿದ್ದರೆ ಹಾಕಿದ ಹಣ ವ್ಯರ್ಥ.

ಇಷ್ಟು ಹೇಳಿದ ಮೇಲೆಯೂ ಸ್ಪ್ರಿಂಗು ಮುಟ್ಟಲಾರದ ಊರುಗಳಿವೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಕಾಡಿನ ಆಮಗಾಂವದಿಂದ 2024ರ ಮಳೆಗಾಲದಲ್ಲಿ ರೋಗಿಯೊಬ್ಬರನ್ನು ಊರವರು ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತುಂಬಿ ಹರಿಯುವ ಹಳ್ಳದ ಮುಂದೆ ಎರಡಂಗುಲವೂ ಒಂದೇ, ಐದಂಗುಲವೂ ಒಂದೇ.

ಕಾನೂನಿನ ಮಾತೊಂದು ಉಳಿಯಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ನೋಂದಣಿಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆದುದರಿಂದ ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿಕೊಳ್ಳತಕ್ಕದ್ದು.