ಎಚ್‌ಐವಿಯಲ್ಲೂ ತಳಿಗಳಿವೆ: ಮಾತ್ರೆ ತಪ್ಪಿಸಿದರೆ ಯಾಕೆ ಕೆಲಸ ಮಾಡಲ್ಲ?

ಚಿಕ್ಕಬಳ್ಳಾಪುರ: ಎಚ್‌ಐವಿ ಅಂದ್ರೆ ಎಲ್ಲ ಕಡೆ ಒಂದೇ ವೈರಸ್ ಅನ್ನೋದು ಹಲವರ ತಿಳಿವಳಿಕೆ. ಅದು ಪೂರ್ತಿ ಸರಿಯಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಮಿಶ್ರತಳಿ ಗೂಡೂ ರೇಷ್ಮೆಯೇ, ಬೈವೋಲ್ಟೀನ್ ಗೂಡೂ ರೇಷ್ಮೆಯೇ. ಆದರೆ ನೂಲಿನ ಗುಣ ಬೇರೆ. ಎಚ್‌ಐವಿ ಕಥೆಯೂ ಹಾಗೇ.

ನಮ್ಮಲ್ಲಿ ಯಾವ ತಳಿ?
ಎಚ್‌ಐವಿ-1 ಮತ್ತು ಎಚ್‌ಐವಿ-2 ಎಂಬ ಎರಡು ಬಗೆಗಳಿವೆ. ಕರ್ನಾಟಕವೂ ಸೇರಿ ಭಾರತದಲ್ಲಿ ಹೆಚ್ಚಾಗಿರುವುದು ಎಚ್‌ಐವಿ-1ರ ‘ಸಿ’ ಉಪತಳಿ. ಅಮೆರಿಕ, ಪಶ್ಚಿಮ ಯುರೋಪ್‌ನಲ್ಲಿ ‘ಬಿ’ ಹೆಚ್ಚು. ಎಚ್‌ಐವಿ-2 ನಮ್ಮ ದೇಶದಲ್ಲಿ ಕಡಿಮೆ, ಆದರೆ ಇದೆ.

ಮೂರು ಕಿಣ್ವಗಳು
ವೈರಸ್ ಬೆಳೆಯಲು ಮೂರು ಕಿಣ್ವ ಬೇಕು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡುತ್ತದೆ. ಇಂಟಿಗ್ರೇಸ್ ಅದನ್ನು ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಸುತ್ತದೆ. ಪ್ರೋಟಿಯೇಸ್ ಉದ್ದನೆಯ ಪ್ರೋಟೀನ್ ಸರವನ್ನು ಬೇಕಾದ ಅಳತೆಗೆ ಕತ್ತರಿಸುತ್ತದೆ.

ಕೆಲಸ ನಡೆಯುವ ಮುಖ್ಯ ಜಾಗ ಎಲ್ಲ ತಳಿಗಳಲ್ಲೂ ಹೆಚ್ಚುಕಮ್ಮಿ ಒಂದೇ. ಅಲ್ಲಿ ಕೆಟ್ಟರೆ ವೈರಸ್ಸೇ ಬದುಕಲ್ಲ. ವ್ಯತ್ಯಾಸ ಇರುವುದು ಸುತ್ತಮುತ್ತ. ಪ್ರೋಟಿಯೇಸ್‌ನ ಎರಡು ಸಮಭಾಗಗಳಲ್ಲಿ ತಲಾ 99 ಅಮೈನೋ ಆಮ್ಲಗಳಿವೆ. ‘ಸಿ’ಯಲ್ಲಿ 36, 69, 89, 93ನೇ ಸ್ಥಾನದವು ಸಾಮಾನ್ಯವಾಗಿ ‘ಬಿ’ಗಿಂತ ಬೇರೆ. ಎಚ್‌ಐವಿ-2ರ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್‌ನಲ್ಲಿ ಔಷಧಿ ಕೂರುವ ಗುಳಿಯ ಆಕಾರವೇ ಬೇರೆ. ಹಾಗಾಗಿ ನೆವಿರಪಿನ್, ಎಫಾವಿರೆಂಜ್ ಅದಕ್ಕೆ ನಾಟುವುದಿಲ್ಲ. ಯಾವ ಬಗೆ ಎಂದು ಪರೀಕ್ಷೆಯಲ್ಲಿ ನೋಡುವುದು ಇದಕ್ಕೇ.

ಮಾತ್ರೆ ತಪ್ಪಿದರೆ
ಈಗ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಉಚಿತವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ. ಮೊದಲೆರಡು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನು, ಮೂರನೆಯದು ಇಂಟಿಗ್ರೇಸನ್ನು ತಡೆಯುತ್ತವೆ. ‘ಸಿ’ ತಳಿಗೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ನಕಲು ಮಾಡುವಾಗ ತಪ್ಪು ಮಾಡುತ್ತದೆ, ತಿದ್ದಿಕೊಳ್ಳುವುದಿಲ್ಲ. ಸೀಸನ್ ಬ್ಯುಸಿ, ಅಂಗಡಿ ಬಿಡೋಕಾಗಲ್ಲ ಅಂತ ಪದೇ ಪದೇ ಮಾತ್ರೆ ಬಿಟ್ಟರೆ ರಕ್ತದಲ್ಲಿ ಔಷಧಿ ಇಳಿಯುತ್ತದೆ. ಮಾತ್ರೆಗೆ ಬಗ್ಗದ ನಕಲುಗಳು ಉಳಿದು ಬೆಳೆಯುತ್ತವೆ. 65ನೇ ಸ್ಥಾನದ ಒಂದು ಬದಲಾವಣೆ ಟೆನೊಫೊವಿರ್ ಬಲ ತಗ್ಗಿಸುತ್ತದೆ. ಅದು ‘ಸಿ’ಯಲ್ಲಿ ಬೇಗ ಹುಟ್ಟುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಇಂಥ ವೈರಸ್ ಇನ್ನೊಬ್ಬರಿಗೂ ಹರಡಬಹುದು.

ಮಾತ್ರೆ ತಪ್ಪಿದ್ದರೆ ಮುಚ್ಚಿಡದೆ ಕೇಂದ್ರದಲ್ಲಿ ಹೇಳಿ. ತಪ್ಪದೆ ತಗೊಂಡು ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದ ಮಟ್ಟದಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ.

ಎಲ್ಲಿ ವಿಚಾರಿಸಬೇಕು?
ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ ಅಥವಾ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕು ಆಸ್ಪತ್ರೆಗಳಲ್ಲಿ ಪರೀಕ್ಷೆ ಬಗ್ಗೆ ವಿಚಾರಿಸಿ. ಉಚಿತ ಸಹಾಯವಾಣಿ: 1097. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಸೋಂಕಿನ ವಿವರ ಗುಟ್ಟಾಗಿಡಬೇಕು. ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಅಂಗಡಿ ಮಾಲೀಕರಿಗೂ ಇದು ಗೊತ್ತಿರಲಿ.